ಎರಡು ಕೈಗಳ ಅಭ್ಯಾಸ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ವೈರ್ ಅಕ್ಕ ಎಂದೇ ಕರೆಯುತ್ತಿದ್ದರು. ತಗಡು ಒತ್ತಿ ಡಬ್ಬಿಗಳ ಮುಚ್ಚಳ ಮಾಡುವ ಕಾರ್ಖಾನೆ ಅದು. ಅಲ್ಲಿದ್ದ ಹದಿನಾರು ಪ್ರೆಸ್‌ಗಳ ಪ್ಯಾನೆಲ್ ಪೆಟ್ಟಿಗೆಯೊಳಗೆ ಯಾವ ವೈರು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ನಕ್ಷೆ ನೋಡದೆ ಹೇಳಬಲ್ಲವಳು ಅವಳೊಬ್ಬಳೇ. ಬಾಗಿಲು ತೆಗೆದು ಮೂಗು ಒಳಗಿಟ್ಟರೆ ಸಾಕು, ಸುಟ್ಟ ರಿಲೇ ಸ್ವಿಚ್ಚು ಯಾವುದೆಂದು ವಾಸನೆಯಲ್ಲೇ ಹಿಡಿಯುತ್ತಾಳೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಅಂಥವಳು ನಲವತ್ತರ ಹತ್ತಿರ ಬಂದಾಗ ಮತ್ತೆ ಬೆಂಚಿನ ಮೇಲೆ ಕೂತು ಪಾಠ ಕೇಳಬೇಕಾಯಿತು. ಹಳೆಯ ರಿಲೇಗಳನ್ನೆಲ್ಲ ಕಿತ್ತುಹಾಕಿ ಪಿಎಲ್‌ಸಿ ಕೂರಿಸುತ್ತೇವೆ, ಇನ್ನು ಯಂತ್ರಗಳ ಬುದ್ಧಿಯೆಲ್ಲ ಆ ಅಂಗೈಯಗಲದ ಪೆಟ್ಟಿಗೆಯೊಳಗೇ, ಅದಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಲಿತು ಬಾ ಎಂದು ಮ್ಯಾನೇಜರ್ ಅವಳನ್ನು ತರಬೇತಿ ಕೇಂದ್ರಕ್ಕೆ ಕಳಿಸಿದರು. ವಾರಕ್ಕೆರಡು ಸಂಜೆ ತರಗತಿ. ಅಲ್ಲಿದ್ದವರೆಲ್ಲ ಅವಳಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು. ಮೇಷ್ಟ್ರು ಬಿಳಿಹಲಗೆಯ ಮೇಲೆ ಎರಡು ಉದ್ದ ಗೆರೆ ಎಳೆದು ನಡುವೆ ಅಡ್ಡಗೆರೆಗಳನ್ನು ಹಾಕಿದರು.

"ಇದು ಏಣಿ ಅಂದ್ಕೊಳ್ಳಿ. ಇಂಗ್ಲಿಷಲ್ಲಿ ಲ್ಯಾಡರ್. ಒಂದೊಂದು ಮೆಟ್ಟಿಲೂ ಒಂದೊಂದು ವಾಕ್ಯ. ಎಡಗಡೆ 'ಹೀಗಾದ್ರೆ', ಬಲಗಡೆ 'ಹಾಗಾಗ್ಲಿ'. ಅಷ್ಟೇ. ಯಂತ್ರ ಮೇಲಿಂದ ಕೆಳಗೆ ಓದ್ಕೊಂಡು ಹೋಗುತ್ತೆ, ಮತ್ತೆ ಮೇಲಕ್ಕೆ ಬರುತ್ತೆ. ಅದಕ್ಕೆ ಬೇಜಾರಾಗೋದಿಲ್ಲ, ನಿಮಗೂ ಆಗಬಾರದು."

ಆಮೇಲೆ ನಲವತ್ತು ಅಭ್ಯಾಸಗಳ ಒಂದು ಕಟ್ಟು ಹಾಳೆ ಕೊಟ್ಟು, ಮನೆಯಲ್ಲಿ ಒಂದೊಂದೇ ಮಾಡಿಕೊಂಡು ಬನ್ನಿ ಎಂದರು.

ಮನೆಯಲ್ಲಿದ್ದವನು ತಮ್ಮ ಒಬ್ಬನೇ. ಅಪ್ಪ ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ, ಅವಳಿಗೆ ಇಪ್ಪತ್ತೆರಡು. ಅವನನ್ನು ಓದಿಸಿದವಳು, ಅದೇ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್ ಕೆಲಸಕ್ಕೆ ಸೇರಿಸಿದವಳು, ಇಪ್ಪತ್ತಾರಾದರೂ ಅವನನ್ನು 'ಮರಿ' ಎಂದೇ ಕರೆಯುತ್ತಿದ್ದವಳು ಅವಳು. ಆರು ತಿಂಗಳ ಹಿಂದೆ ಏಳನೆಯ ನಂಬರಿನ ಪ್ರೆಸ್ ಅವನ ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತ್ತು.

ಗಾಯ ಮಾಗಿದ್ದರೂ ಅವನು ಮಾಗಿರಲಿಲ್ಲ. ಬೆಳಿಗ್ಗೆ ಅವಳು ಅವನ ಶರ್ಟಿನ ಗುಂಡಿ ಹಾಕಿ ಕೆಲಸಕ್ಕೆ ಹೋದರೆ, ಸಂಜೆ ಬಂದಾಗ ಅದೇ ಕುರ್ಚಿಯಲ್ಲಿ ಅದೇ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬ ಹುಡುಗಿಯಿದ್ದಳು. ಇಬ್ಬರೂ ಮದುವೆಯ ಮಾತಾಡಿಕೊಂಡಿದ್ದರು. ಕೈ ಹೋದ ಮೇಲೂ ಅವಳು ಎರಡು ಸಲ ಮನೆಗೆ ಬಂದಳು. "ತನ್ನ ಕೈಯನ್ನೇ ನೆಟ್ಟಗೆ ನೋಡ್ಕೊಳ್ಳಕ್ಕಾಗದೋನು ನಿನ್ನನ್ನ ಏನು ನೋಡ್ಕೋತೀನಿ, ಹೋಗು" ಎಂದು ಅವನೇ ಕಳಿಸಿಬಿಟ್ಟ. ಆ ಹುಡುಗಿಗೆ ಈಗ ಬೇರೆ ಕಡೆ ಮದುವೆ ಗೊತ್ತಾಗಿತ್ತು.

ತರಗತಿಯ ಮೊದಲ ಅಭ್ಯಾಸವೇ ಅಕ್ಕನಿಗೆ ತಲೆಗೆ ಹತ್ತಲಿಲ್ಲ. ಹಸಿರು ಬಟನ್ ಒತ್ತಿ ಬಿಟ್ಟರೆ ಮೋಟರು ತಿರುಗುತ್ತಲೇ ಇರಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ವೈರಿನಲ್ಲಾದರೆ ಕಣ್ಣು ಮುಚ್ಚಿಕೊಂಡು ಕಟ್ಟುವಂಥದ್ದು. ಆದರೆ ಹಾಳೆಯ ಮೇಲೆ ಕೈಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಮೂರು ಸಲ ಬರೆದು ಮೂರು ಸಲ ಉಜ್ಜಿದಳು. ಹಾಳೆ ತೂತು ಬಿತ್ತು.

"ಏನದು?" ಎಂದು ಕಿಟಕಿಯ ಕಡೆಯಿಂದ ಧ್ವನಿ ಬಂತು. ನಾಲ್ಕು ದಿನದಲ್ಲಿ ಅವನಾಗಿ ಆಡಿದ ಮೊದಲ ಮಾತು.

"ಹೋಮ್‌ವರ್ಕ್ ಕಣೋ. ಬೆರಳು ಬಿಟ್ಟ ತಕ್ಷಣ ನನ್ನ ಮೋಟರು ನಿಂತೋಗ್ತಿದೆ."

ಅವನು ಎದ್ದು ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಕುರ್ಚಿ ಎಳೆದುಕೊಂಡು ಕೂತ. ಪೆನ್ಸಿಲ್ ಇಸಿದುಕೊಂಡ. ಹಾಳೆ ಜರುಗದಂತೆ ಮೊಂಡುಗೈಯನ್ನು ಅದರ ಮೇಲೆ ಊರಿ, ಹಸಿರು ಬಟನ್ನಿನ ಕೆಳಗೆ ಇನ್ನೊಂದು ಕವಲು ಗೆರೆ ಎಳೆದ.

"ಮೋಟರು ತಾನು ತಿರುಗ್ತಾ ಇರೋದನ್ನೇ ಕಾರಣ ಮಾಡ್ಕೊಂಡು ತಿರುಗ್ತಾ ಇರ್ಲಿ. ಒಂದು ಸಲ ಎಬ್ಬಿಸಿದ್ರೆ ಸಾಕು, ಆಮೇಲೆ ತನ್ನ ಕೈ ತಾನೇ ಹಿಡ್ಕೊಂಡಿರುತ್ತೆ."

ಅವಳಿಗೆ ನಗು ಬಂತು, ಅಳುವೂ ಬಂತು. ತೋರಗೊಡಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಸಂಜೆಗಳು ಬದಲಾದವು. ಅವಳು ಕಾರ್ಖಾನೆಯಿಂದ ಬರುವುದನ್ನೇ ತಮ್ಮ ಕಾಯುತ್ತಿದ್ದು, ಬಂದ ಕೂಡಲೇ ಅಭ್ಯಾಸದ ಹಾಳೆ ಮೇಜಿನ ಮೇಲೆ ಹರಡುತ್ತಿದ್ದ. ಅವಳು ಪ್ರೋಗ್ರಾಂ, ಅವನು ಯಂತ್ರ. ಬಾಟಲಿ ಎಣಿಸುವ ಅಭ್ಯಾಸಕ್ಕೆ ಮನೆಯ ಲೋಟಗಳೆಲ್ಲ ಸಾಲಾಗಿ ನಿಂತವು. ಹತ್ತು ಲೋಟ ದಾಟಿದ ಮೇಲೆ ಬೆಲ್ಟು ನಿಲ್ಲಬೇಕು. ಅವಳ ಪ್ರೋಗ್ರಾಂ ಪ್ರಕಾರ ನಿಲ್ಲಲೇ ಇಲ್ಲ. ಅವನು ಲೋಟಗಳನ್ನು ತಳ್ಳುತ್ತಲೇ ಹೋಗಿ ಹನ್ನೊಂದನೆಯದನ್ನು ಮೇಜಿನಿಂದ ಕೆಳಕ್ಕೆ ಬೀಳಿಸಿ, "ನನ್ನ ತಪ್ಪಲ್ಲ, ನೀನು ಬರೆದಂಗೆ ಮಾಡ್ದೆ" ಎಂದ. ಸಿಗ್ನಲ್ ದೀಪದ ಅಭ್ಯಾಸದಲ್ಲಿ ನಡುಮನೆಯಲ್ಲಿ ನಿಂತು ಒಂದು ಸಲ ಕೆಂಪು, ಒಂದು ಸಲ ಹಸಿರು ಎಂದು ಕೂಗುತ್ತ, ಅವಳು ಟೈಮರ್ ತಪ್ಪು ಹಾಕಿದ್ದರಿಂದ ಎರಡನ್ನೂ ಒಟ್ಟಿಗೆ ಕೂಗಿ, "ಹೋಯ್ತು, ನಾಲ್ಕು ಗಾಡಿ ಗುದ್ದಿದ್ವು" ಎಂದು ಚಾಪೆಯ ಮೇಲೆ ಬಿದ್ದುಕೊಂಡ. ಪಕ್ಕದ ಮನೆಯ ಅಜ್ಜಿ ಏನು ಗಲಾಟೆ ಎಂದು ಇಣುಕಿ ನೋಡಿದರು. ಆರು ತಿಂಗಳ ನಂತರ ಆ ಮನೆಯಿಂದ ನಗು ಕೇಳಿದ್ದು ಅವರಿಗೂ ಆಶ್ಚರ್ಯ.

ಏಳೆಂಟು ಅಭ್ಯಾಸ ಮುಗಿಯುವ ಹೊತ್ತಿಗೆ ತಮ್ಮ ಅವಳನ್ನು ಹಿಂದೆ ಹಾಕಿದ್ದ. ಅವನು ಬರೆದದ್ದನ್ನು ಅವಳು ತರಗತಿಗೆ ಒಯ್ದರೆ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಇದು ನಿಮ್ಮ ಕೈಬರಹ ಅಲ್ಲ. ಯಾರಿದು? ಕರ್ಕೊಂಡು ಬನ್ನಿ" ಎಂದರು. ಮನೆಗೆ ಬಂದು ಹೇಳಿದಾಗ ಅವನು ಕಿವಿಯವರೆಗೆ ಕೆಂಪಾದ. "ಒಂದು ಕೈಯವನನ್ನ ಯಾರು ಸೇರಿಸ್ಕೋತಾರೆ" ಎಂದ. ಆದರೂ ಮರುದಿನ ಅವಳು ಬರುವಷ್ಟರಲ್ಲಿ ತಾನೇ ಗಡ್ಡ ಕೆರೆದುಕೊಂಡಿದ್ದ.

ಇಷ್ಟೆಲ್ಲ ಸಂತೋಷದ ನಡುವೆ ಅಕ್ಕ ತಮ್ಮನಿಂದ ಒಂದು ಮಾತು ಮುಚ್ಚಿಟ್ಟಿದ್ದಳು.

ಅವನ ಕೈ ಹೋದ ದಿನ ಬೆಳಿಗ್ಗೆ ಏಳನೆಯ ಪ್ರೆಸ್ಸಿನ ಎಡಬಟನ್ ಕೆಟ್ಟಿತ್ತು. ಆ ಯಂತ್ರಗಳಿಗೆ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡನ್ನೂ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಒಂದೂ ಅಚ್ಚಿನ ಕೆಳಗಿರುವುದಿಲ್ಲವಲ್ಲ, ಅದಕ್ಕೆ. ಹೊಸ ಬಟನ್ ಸ್ಟೋರಿನಲ್ಲಿ ಇರಲಿಲ್ಲ, ಮಧ್ಯಾಹ್ನ ಬರುವುದಿತ್ತು. ಲಾರಿ ಹೊರಗೆ ಕಾಯುತ್ತಿತ್ತು. ಫೋರ್‌ಮನ್ ಅವಳ ಹತ್ತಿರ ಬಂದು, "ಎಡಗಡೆದಕ್ಕೊಂದು ಜಂಪರ್ ಹಾಕಿಬಿಡು. ಮಧ್ಯಾಹ್ನದ ತನಕ ಅಷ್ಟೇ" ಎಂದಿದ್ದ. ಜಂಪರ್ ಎಂದರೆ ಗೇಣುದ್ದದ ಒಂದು ವೈರು. ಬಟನ್ನನ್ನು ತಪ್ಪಿಸಿ ಅಡ್ಡಲಾಗಿ ಕಟ್ಟಿದರೆ, ಅದನ್ನು ಯಾರೋ ಸದಾ ಒತ್ತಿಹಿಡಿದಿದ್ದಾರೆ ಎಂದು ಯಂತ್ರ ನಂಬುತ್ತದೆ. ಅವಳು ಬೇಡವೆಂದಳು. ಅವನು ಎರಡನೆಯ ಸಲ ಹೇಳಿದ, ಸ್ವಲ್ಪ ಜೋರಾಗಿ. ಅವಳು ಕಟ್ಟಿದಳು. ಆಗ ಅದರ ಮೇಲಿದ್ದ ಹಳೆಯ ಆಪರೇಟರಿಗೆ, "ಹುಷಾರು, ಎಡಗಡೆದು ಕೆಲಸ ಮಾಡ್ತಿಲ್ಲ, ಬಲಗಡೆದು ಒಂದೇ ಮುಟ್ಟಿದ್ರೂ ಇಳಿಯುತ್ತೆ" ಎಂದು ಎರಡೆರಡು ಸಲ ಹೇಳಿದಳು. ಆ ವಾರ ಅವಳದು ಬೆಳಗಿನ ಪಾಳಿ, ಅದು ಮುಗಿಯಿತು, ಬಟನ್ ಬಂದಿರಲಿಲ್ಲ, ಫೋರ್‌ಮನ್ ತಾನು ನೋಡಿಕೊಳ್ಳುತ್ತೇನೆ ಎಂದ, ಅವಳು ಮನೆಗೆ ಬಂದಳು.

ಮಧ್ಯಾಹ್ನದ ಪಾಳಿಯಲ್ಲಿ ಏಳನೆಯ ಪ್ರೆಸ್ಸಿನವನು ಬರಲಿಲ್ಲ. ಮೂರನೆಯದರಲ್ಲಿದ್ದ ತಮ್ಮನನ್ನು ಅಲ್ಲಿಗೆ ಹಾಕಿದರು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಬಲಗೈಯನ್ನು ಬಟನ್ನಿನ ಮೇಲೆ ಇಟ್ಟುಕೊಂಡೇ ಎಡಗೈಯಿಂದ ತಗಡು ಸರಿಮಾಡುವುದು ಅವನ ರೂಢಿ. ಎಡಗೈ ಮರಳಿ ಬಂದು ತನ್ನ ಬಟನ್ ಒತ್ತುವವರೆಗೆ ಯಂತ್ರ ಅಲುಗುವುದಿಲ್ಲ ಎಂಬ ಧೈರ್ಯ. ನಾಲ್ಕು ವರ್ಷ ಅದು ಅಲುಗಿರಲಿಲ್ಲ.

ಮರುದಿನ ಅವಳು ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಹೋಗಿ ಪೆಟ್ಟಿಗೆಯ ಬಾಗಿಲು ತೆಗೆದರೆ ಜಂಪರ್ ಇರಲಿಲ್ಲ. ಎಡಕ್ಕೆ ಹೊಸ ಬಟನ್ ಫಳಫಳ ಹೊಳೆಯುತ್ತಿತ್ತು. ಫೋರ್‌ಮನ್ ಹಿಂದೆಯೇ ಬಂದು ನಿಂತ. "ನೋಡಮ್ಮ, ಕಟ್ಟಿದ್ದು ನಿನ್ನ ಕೈ. ಬಾಯಿ ಬಿಟ್ರೆ ಮೊದಲು ಮನೆಗೆ ಹೋಗೋಳು ನೀನೇ. ಆಮೇಲೆ ನಿನ್ನ ತಮ್ಮನ್ನ ನೋಡ್ಕೊಳ್ಳೋರು ಯಾರು?" ತನಿಖೆಗೆ ಬಂದವರು, ಆಪರೇಟರ್ ಎಡಬಟನ್ನನ್ನು ಮೊಣಕೈಯಿಂದ ಒತ್ತಿ ಕೈಯನ್ನು ಒಳಗಿಟ್ಟಿದ್ದಾನೆ, ಅಜಾಗರೂಕತೆ ಅವನದೇ ಎಂದು ಬರೆದುಕೊಂಡು ಹೋದರು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಇವತ್ತು ಬೇಡ, ಗಾಯ ಮಾಗಲಿ ಎಂದುಕೊಂಡಳು. ಗಾಯ ಮಾಗಿತು. ಅವನು ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡಳು. ಅವನು ನಗತೊಡಗಿದ ಮೇಲೆ ಆ ನಗುವನ್ನು ಹೇಗೆ ಕೆಡಿಸಲಿ ಎಂದುಕೊಂಡಳು. ಹೀಗೆ ಎಂಟು ತಿಂಗಳಾದವು.

ಹನ್ನೊಂದನೆಯ ಅಭ್ಯಾಸವನ್ನು ಅವಳು ಮೊದಲ ದಿನವೇ ನೋಡಿದ್ದಳು. ಅದನ್ನು ಕಟ್ಟಿನಿಂದ ಬಿಡಿಸಿ ಮಡಚಿ, ಕೆಲಸದ ಚೀಲದ ತಳದಲ್ಲಿ ಟೇಪಿನ ಸುರುಳಿಗಳ ಕೆಳಗೆ ಇಟ್ಟಿದ್ದಳು. ಹತ್ತಾದ ಮೇಲೆ ಹನ್ನೆರಡು ಬಂದಾಗ ತಮ್ಮ ಕೇಳಿದ. ಮೇಷ್ಟ್ರು ಅಚ್ಚು ಹಾಕಿಸುವಾಗ ಬಿಟ್ಟುಹೋಗಿರಬೇಕು ಎಂದಳು.

ಒಂದು ಭಾನುವಾರ ಬೆಳಿಗ್ಗೆ ಅವಳು ತರಕಾರಿ ತರಲು ಹೋಗಿದ್ದಳು. ಮರಳಿ ಬಾಗಿಲು ತಳ್ಳಿದಾಗ ತಮ್ಮ ಮೇಜಿಗೆ ಬಗ್ಗಿ ಬರೆಯುತ್ತಿದ್ದ. ಪೆನ್ಸಿಲಿಗೆಂದು ಚೀಲಕ್ಕೆ ಕೈ ಹಾಕಿದ್ದನಂತೆ. ಅವನ ಮುಂದೆ ಮಡಿಕೆಯ ಗುರುತುಗಳಿದ್ದ ಆ ಹಾಳೆ ಹರಡಿತ್ತು. 'ಒಂದು ಪ್ರೆಸ್‌ಗೆ ಎರಡು ಬಟನ್‌ಗಳಿವೆ. ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಒಂದು ಬಟನ್ ಸಿಕ್ಕಿಕೊಂಡಿದ್ದರೆ, ಅಥವಾ ಯಾರಾದರೂ ಅದನ್ನು ಕಟ್ಟಿಹಾಕಿದ್ದರೆ, ಇಳಿಯಬಾರದು. ಏಣಿ ಬರೆಯಿರಿ.'

"ಅಕ್ಕ, ಬಾ ಬಾ ಬಾ, ಇಲ್ಲಿ ಕೂತ್ಕೋ." ಅವನ ಕಣ್ಣುಗಳು ಹೊಳೆಯುತ್ತಿದ್ದವು. ಅವನನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತು! "ಹನ್ನೊಂದು ನಿನ್ನ ಚೀಲದಲ್ಲೇ ಇತ್ತು. ನೋಡಿದ್ರೆ ನಾನು ಬೇಜಾರು ಮಾಡ್ಕೋತೀನಿ ಅಂತ ಬಚ್ಚಿಟ್ಟಿದ್ದೆ ಅಲ್ವಾ? ಪೆದ್ದಿ. ಇಲ್ಲಿ ನೋಡು. ಇದರಲ್ಲಿ ಒಂದು ಟೈಮರ್ ಇದೆ. ನಮ್ಮ ಹಳೇ ಪ್ಯಾನೆಲ್‌ನಲ್ಲಿ ಇದು ಇಲ್ಲ, ಬರೀ ಎರಡು ಕಾಂಟ್ಯಾಕ್ಟ್ ಸಾಲಾಗಿ ಇವೆ. ಹೌದಾ?"

"ಹೌದು" ಎಂದಳು. ತರಕಾರಿ ಚೀಲ ಇನ್ನೂ ಕೈಯಲ್ಲೇ ಇತ್ತು.

"ಹಾಗಾದ್ರೆ ಎಡಗಡೆದಕ್ಕೆ ಯಾರಾದ್ರೂ ಒಂದು ವೈರ್ ಅಡ್ಡ ಕಟ್ಟಿದ್ರೆ, ಬಲಗಡೆದು ಒಂದು ಮುಟ್ಟಿದ್ರೂ ಸಾಕು. ನನ್ನ ಬಲಗೈ ಯಾವಾಗ್ಲೂ ಅಲ್ಲೇ ಇರ್ತಿತ್ತಲ್ಲ!" ಅವನು ಎದ್ದು ನಿಂತ. "ನಾನು ಮೊಣಕೈ ಇಟ್ಟಿಲ್ಲ ಅಕ್ಕ. ಇಟ್ಟಿದ್ದು ನೆನಪಾಗ್ತಾನೇ ಇರಲಿಲ್ಲ. ದಿನಾ ಈ ಮೇಜಿನ ಮುಂದೆ ಹೀಗೆ ನಿಂತು ನೋಡ್ತಿದ್ದೆ, ಎಲ್ಲಿ ಇಟ್ಟಿರಬಹುದು, ಹೇಗೆ ಇಟ್ಟಿರಬಹುದು ಅಂತ. ಅವರು ಬರ್ಕೊಂಡು ಹೋದ್ರಲ್ಲ, ಇಟ್ಟಿರಬೇಕು ಅಂತ ಒಪ್ಕೊಂಡಿದ್ದೆ. ನನ್ನಂಥ ದಡ್ಡ ಇಲ್ಲ ಅಂದ್ಕೊಂಡು ಆ ಹುಡುಗೀನೂ ಬೈದು ಕಳಿಸ್ದೆ." ಅವನು ಅಳುತ್ತಿದ್ದ, ನಗುತ್ತಲೂ ಇದ್ದ. "ನನ್ನ ತಪ್ಪಲ್ಲ ಅಕ್ಕ. ಯಾರೋ ಜಂಪರ್ ಹಾಕಿದ್ರು. ಆ ಪೆಟ್ಟಿಗೆ ನಿನಗೆ ಗೊತ್ತಿರೋವಷ್ಟು ಯಾರಿಗೂ ಗೊತ್ತಿಲ್ಲ. ನೀನು ಹುಡುಕು. ಯಾರು ಹಾಕಿದ್ದು ಅಂತ ಹುಡುಕಿ ಹೇಳು ನನಗೆ."

ಆ ಕ್ಷಣದಲ್ಲೂ ಅವಳು ಹುಡುಕುತ್ತೇನೆ ಎನ್ನಬಹುದಿತ್ತು. ಫೋರ್‌ಮನ್ನಿನ ಹೆಸರು ಹೇಳಬಹುದಿತ್ತು, ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ತಮ್ಮ ಅವಳ ಮುಖವನ್ನೇ ನೋಡುತ್ತ, ಉತ್ತರ ಇವಳ ಹತ್ತಿರ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಲ್ಲಿ ನಿಂತಿದ್ದ. ಆ ನಂಬಿಕೆಯ ಮುಂದೆ ಅವಳಿಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ನಾನು" ಎಂದಳು.

ಅವನಿಗೆ ಅರ್ಥವಾಗಲಿಲ್ಲ. "ನೀನು ಏನು?"

"ನಾನೇ ಹಾಕಿದ್ದು ಮರಿ. ಬೆಳಿಗ್ಗೆ. ಫೋರ್‌ಮನ್ ಹಾಕು ಅಂದ, ಹಾಕ್ದೆ. ಮಧ್ಯಾಹ್ನ ನಿನ್ನನ್ನ ಅಲ್ಲಿಗೆ ಹಾಕ್ತಾರೆ ಅಂತ ನನಗೆ ಗೊತ್ತಿರಲಿಲ್ಲ."

ಅವನು ಕೂತುಕೊಂಡ. ಹೊರಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅವಳು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಲಾರಿ, ಹೊಸ ಬಟನ್, ಫೋರ್‌ಮನ್ನಿನ ಮಾತು, ತಾನು ಸುಮ್ಮನಿದ್ದದ್ದು. ಅವನು ಕೇಳಿಸಿಕೊಂಡ. ಕೊನೆಗೆ ತಲೆಯೆತ್ತಿದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಕೈ ಹೋಗಿದ್ದಕ್ಕಲ್ಲ" ಎಂದ ಮೆಲ್ಲಗೆ. "ಗೊತ್ತಿದ್ದೂ ನೀನು ನನ್ನ ಕೈ ತೆಗೀತೀಯಾ? ಅದು ಬಿಡು. ಆದ್ರೆ ಎಂಟು ತಿಂಗಳು ನಾನು ನನ್ನನ್ನೇ ಬೈಕೊಂಡು ಕೂತಿದ್ದೆ. ನೀನು ದಿನಾ ಬೆಳಿಗ್ಗೆ ನನ್ನ ಎದುರಿಗೆ ನಿಂತು ಶರ್ಟಿನ ಗುಂಡಿ ಹಾಕ್ತಿದ್ದೆ. ಒಂದು ದಿನ, ಒಂದೇ ಒಂದು ದಿನ, ಆ ಗುಂಡಿ ಹಾಕ್ತಾ 'ನಿನ್ನ ತಪ್ಪಲ್ಲ ಕಣೋ' ಅಂತ ಅಂದಿದ್ರೆ ಸಾಕಾಗಿತ್ತು."

"ನೀನು ನನ್ನನ್ನ ಬಿಟ್ಟು ಹೋಗಿಬಿಡ್ತೀಯ ಅಂತ ಹೆದರಿಕೊಂಡೆ."

"ಅದಕ್ಕೆ ನಾನು ನನ್ನನ್ನೇ ಬಿಟ್ಟುಬಿಡೋ ಹಾಗೆ ಮಾಡಿದ್ಯಾ?"

ಸಂಜೆಯೊಳಗೆ ಅವನು ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಊರಿನ ಇನ್ನೊಂದು ತುದಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೊರಟ. ಒಂದೇ ಕೈಯಲ್ಲಿ ಜಿಪ್ ಎಳೆಯಲು ಬಾರದೆ ಒದ್ದಾಡುತ್ತಿದ್ದ. ಅವಳು ಹಿಡಿದುಕೊಳ್ಳಲು ಬಗ್ಗಿದಳು. ಅವನು ಚೀಲವನ್ನು ತನ್ನ ಕಡೆಗೆ ಎಳೆದುಕೊಂಡು, ಹಲ್ಲಿನಿಂದ ಕಚ್ಚಿ ಹಿಡಿದು ಜಿಪ್ ಹಾಕಿದ.

ಮರುದಿನ ಅವಳು ಕಾರ್ಖಾನೆಗೆ ಹೋಗಲಿಲ್ಲ. ಕಾರ್ಖಾನೆಗಳ ತನಿಖಾಧಿಕಾರಿಯ ಕಚೇರಿಗೆ ಹೋಗಿ, ಒಂದು ಬಿಳಿ ಹಾಳೆ ಕೇಳಿ ಪಡೆದು, ನಿಂತುಕೊಂಡೇ ಎರಡು ಪುಟ ಬರೆದುಕೊಟ್ಟಳು. ಅಧಿಕಾರಿ ಓದಿ, "ಇದರಲ್ಲಿ ನಿಮ್ಮ ಮೇಲೂ ಬರುತ್ತೆ, ಗೊತ್ತಾ?" ಎಂದರು. "ಗೊತ್ತು ಸರ್, ಅದನ್ನ ಮೊದಲು ಬರ್ಕೊಳ್ಳಿ" ಎಂದಳು. ಹಳೆಯ ಆಪರೇಟರೂ ಬಂದು ಸಾಕ್ಷಿ ಹೇಳಿದ. ಎರಡು ತಿಂಗಳಲ್ಲಿ ಫೋರ್‌ಮನ್ನಿನ ಕೆಲಸವೂ ಹೋಯಿತು, ಅವಳದೂ ಹೋಯಿತು. ಬೀದಿ ಕೊನೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನ ಅಂಗಡಿಯಲ್ಲಿ ಅವಳಿಗೊಂದು ಸ್ಟೂಲು ಸಿಕ್ಕಿತು. ಅಪಘಾತದ ವರದಿಯನ್ನು ತಿದ್ದಿ ಬರೆದರು. ಅದರಲ್ಲಿ 'ಆಪರೇಟರ್‌ನ ತಪ್ಪು ಕಂಡುಬಂದಿಲ್ಲ' ಎಂಬ ಒಂದು ಸಾಲಿತ್ತು. ಆ ಸಾಲನ್ನು ಎಷ್ಟು ಸಲ ಓದಿದಳೋ.

ಮೇಷ್ಟ್ರು ಒಮ್ಮೆ ರಿಪೇರಿಗೆಂದು ಇಸ್ತ್ರಿಪೆಟ್ಟಿಗೆ ತಂದವರು ಅವಳನ್ನು ಅಲ್ಲಿ ನೋಡಿ ನಿಂತುಬಿಟ್ಟರು. ತಮ್ಮ ತಾನಾಗಿಯೇ ಬಂದು ತರಗತಿಗೆ ಸೇರಿದ್ದನ್ನು ಹೇಳಿದ್ದು ಅವರೇ. ಮೊದಲ ಬೆಂಚಿನಲ್ಲಿ ಕೂರುತ್ತಾನಂತೆ. ನಲವತ್ತೂ ಮುಗಿಸಿ ಇನ್ನಷ್ಟು ಕೊಡಿ ಎನ್ನುತ್ತಾನಂತೆ. "ನಿಮ್ಮ ಬಗ್ಗೆ ಕೇಳ್ದೆ. ಇಲ್ಲೇ ಊರಲ್ಲಿದ್ದಾರೆ ಅಂದ, ಅಷ್ಟೇ" ಎಂದರು ಮೇಷ್ಟ್ರು. ಅವಳು ಇಸ್ತ್ರಿಪೆಟ್ಟಿಗೆಯ ಸ್ಕ್ರೂ ಬಿಚ್ಚುತ್ತ ಹೌದೆಂದಳು.

ವರದಿಯ ಪ್ರತಿ ಕೈಗೆ ಬಂದ ವಾರ ಅವಳು ಚಿಕ್ಕಮ್ಮನ ಮನೆಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಬೈಯಲಿ, ಬಾಗಿಲು ಹಾಕಿಕೊಳ್ಳಲಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಲಿ, ಯಾವುದಕ್ಕೂ ಸಿದ್ಧಳಾಗಿದ್ದಳು. ಬಾಗಿಲು ತೆಗೆದವನು ತಮ್ಮನೇ. ಮೈತುಂಬಿಕೊಂಡಿದ್ದ. ಅಂಗಿಗೆ ಗುಂಡಿಯ ಬದಲು ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಹೊಲಿಸಿಕೊಂಡಿದ್ದ. ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಪಕ್ಕಕ್ಕೆ ಸರಿದು ಹೇಳಿದ:

"ಬನ್ನಿ. ಒಳಗೆ ಬನ್ನಿ. ಕೂತ್ಕೊಳ್ಳಿ."

ಒಂಬತ್ತನೆಯ ವಯಸ್ಸಿನಿಂದ ತಾನೇ ಬೆಳೆಸಿದ ಹುಡುಗ, ಒಂದು ದಿನವೂ ಅವಳಿಗೆ ಬಹುವಚನ ಹಚ್ಚಿದವನಲ್ಲ.

ಅವನು ಒಳಗೆ ಹೋಗಿ ಟೀ ತಂದ. ಸ್ಟೂಲು ಸರಿಸಿ ಅವಳ ಮುಂದಿಟ್ಟ. "ಸಕ್ಕರೆ ಸಾಕಾ ನೋಡಿ" ಎಂದ. ಅವಳು ಪ್ರತಿಯನ್ನು ಕೊಟ್ಟಾಗ ನಿಧಾನವಾಗಿ ಪೂರ್ತಿ ಓದಿದ, ಅವಳ ಹೇಳಿಕೆಯಿದ್ದ ಎರಡು ಪುಟಗಳನ್ನೂ ಬಿಡದೆ. ಓದಿ ಮಡಚಿ ಜೇಬಿಗೆ ಹಾಕಿಕೊಂಡ.

"ಕಷ್ಟ ತಗೊಂಡ್ರಿ. ಥ್ಯಾಂಕ್ಸ್."

"ಮರಿ" ಎಂದಳು ಅವಳು. ಬಾಯಿಪಾಠ ಮಾಡಿದ್ದರಲ್ಲಿ ಆ ಒಂದು ಮಾತು ಬಿಟ್ಟರೆ ಇನ್ನೇನೂ ನೆನಪಿಗೆ ಬರಲಿಲ್ಲ. "ಬೈಯೋ. ಏನಾದ್ರೂ ಅನ್ನೋ. ಹೀಗೆ ಮಾತಾಡ್ಬೇಡ ಕಣೋ."

ಅವನು ಕಿಟಕಿಯ ಕಡೆ ನೋಡಿದ. "ಬೈಯೋಣ ಅಂತ ಎಷ್ಟೋ ದಿನ ಅಂದ್ಕೊಂಡೆ. ಬರ್ತಿಲ್ಲ. ನನಗೆ ಇಷ್ಟೇ ಆಗ್ತಿರೋದು ಈಗ. ತಪ್ಪು ತಿಳ್ಕೋಬೇಡಿ."

ಚಿಕ್ಕಮ್ಮ ಹಿತ್ತಲಿನಿಂದ ಬಂದು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು. ಟೀ ತಣ್ಣಗಾಗುವವರೆಗೆ ಅಕ್ಕ ಅಲ್ಲೇ ಕೂತಿದ್ದಳು. ಅವನೂ ಕೂತಿದ್ದ. ಆಮೇಲೆ ಅವನು ಗೋಡೆ ಗಡಿಯಾರ ನೋಡಿ, ತರಗತಿಗೆ ಹೊತ್ತಾಯಿತು ಎಂದ.

ಗೇಟಿನವರೆಗೆ ಬಿಡಲು ಬಂದದ್ದು ಚಿಕ್ಕಮ್ಮ. "ಸ್ವಲ್ಪ ದಿನ ಹೋಗ್ಲಿ ಕಣೇ" ಎಂದು ಅವಳ ಬೆನ್ನು ಸವರಿದಳು. ಅಕ್ಕ ತಲೆಯಾಡಿಸಿ ಹೊರಟಳು. ಬಸ್ ನಿಲ್ದಾಣಕ್ಕೆ ಬಂದು ಕಲ್ಲುಬೆಂಚಿನ ಮೇಲೆ ಕೂತಳು. ತನ್ನ ಕಡೆಯ ಬಸ್ಸು ಎರಡು ಹೋದವು, ಎದ್ದೇಳಲಾಗಲಿಲ್ಲ. ಮೂರನೆಯದು ಬಂದಾಗ ಪಕ್ಕದಲ್ಲಿದ್ದ ಹೆಂಗಸು, "ಇದಕ್ಕಾದ್ರೂ ಹತ್ತುತೀರೋ ಇಲ್ವೋ?" ಎಂದು ಕೇಳಿದಳು. ಅವಳು ಹತ್ತಿದಳು.